ಮಳೆ ಬಂದಾಗ ಮನೆಯ ಡಿಬಿ ಬಾಕ್ಸಿನ (ಕರೆಂಟ್ ಲೈನುಗಳು ಕವಲೊಡೆಯುವ ಪೆಟ್ಟಿಗೆ) ದೊಡ್ಡ ಸ್ವಿಚ್ ಮಾತ್ರ ಬೀಳುತ್ತೆ, ಒಂದೊಂದು ಲೈನಿಗೂ ಇರುವ ಸಣ್ಣ ಸ್ವಿಚ್‌ಗಳು, ಅಂದ್ರೆ ಎಂಸಿಬಿಗಳು, ಬೀಳಲ್ಲ. ಯಾಕೆ?

ಆ ದೊಡ್ಡದು ಆರ್‌ಸಿಸಿಬಿ, ಅಂದರೆ ಕರೆಂಟ್ ಸೋರಿದರೆ ಲೈನ್ ಕಡಿಯುವ ಸ್ವಿಚ್, ಇರಬೇಕು, ಮೇಲೆ ಟೆಸ್ಟ್ ಬಟನ್ ಇದೆಯಾ ನೋಡಿ. ಎಂಸಿಬಿ ಬೀಳುವುದು ಲೋಡ್ ಜಾಸ್ತಿಯಾದಾಗ ಅಥವಾ ಶಾರ್ಟ್ ಆದಾಗ. ಆರ್‌ಸಿಸಿಬಿಗೆ ಲೋಡಿನ ಚಿಂತೆ ಇಲ್ಲ. ಫೇಸಿನಲ್ಲಿ ಹೋದ ಕರೆಂಟ್ ಅಷ್ಟೂ ನ್ಯೂಟ್ರಲ್‌ನಲ್ಲಿ ವಾಪಸ್ ಬಂತಾ ಅಂತ ಮಾತ್ರ ನೋಡುತ್ತದೆ. ಮನೆಗಳಲ್ಲಿ ಸಾಮಾನ್ಯವಾಗಿ ಹಾಕುವುದು 30 ಮಿಲಿಆಂಪಿಯರ್‌ದು, ಅಷ್ಟು ಸೋರಿದರೆ ಸಾಕು, ಬೀಳುತ್ತದೆ. ಮಳೆಗೆ ಗೇಟಿನ ಲೈಟು, ಟೆರೇಸಿನ ಪ್ಲಗ್, ಸಂಪ್ ಮೋಟರ್ ಇವುಗಳಿಗೆ ನೀರು ಇಳಿದು ಸೋರುವುದೇ ಹೆಚ್ಚು.

ಹುಡುಕುವುದು ಸುಲಭ. ಎಲ್ಲ ಎಂಸಿಬಿ ಆಫ್ ಮಾಡಿ, ಆರ್‌ಸಿಸಿಬಿ ಎತ್ತಿ, ಆಮೇಲೆ ಒಂದೊಂದಾಗಿ ಆನ್ ಮಾಡುತ್ತಾ ಬನ್ನಿ. ಯಾವುದಕ್ಕೆ ಬಿತ್ತೋ ಹೆಚ್ಚಾಗಿ ಆ ಲೈನಿನಲ್ಲೇ ತೊಂದರೆ. ಎಲ್ಲ ಆಫ್ ಇದ್ದರೂ ಬಿದ್ದರೆ ನ್ಯೂಟ್ರಲ್ ಎಲ್ಲೋ ಅರ್ತ್‌ಗೆ ತಾಗಿರಬಹುದು, ಯಾಕೆಂದರೆ ಸಿಂಗಲ್ ಪೋಲ್ ಎಂಸಿಬಿ ಕಡಿಯುವುದು ಫೇಸ್ ಒಂದನ್ನೇ. ಇನ್ವರ್ಟರ್ ಹಾಕಿದವರು ನ್ಯೂಟ್ರಲ್ ಅದಲುಬದಲು ಮಾಡಿದ್ದರೂ ಹೀಗಾಗುತ್ತದೆ, ಆದರೆ ಅದಕ್ಕೆ ಮಳೆಯೇ ಬೇಕಿಲ್ಲ ಬಿಡಿ.

ಕೆಲವು ಎಲೆಕ್ಟ್ರಿಷಿಯನ್‌ಗಳು 'ಕಿರಿಕಿರಿ ಯಾಕೆ ಸಾರ್' ಅಂತ ಸುಮ್ನೆ ಆರ್‌ಸಿಸಿಬಿಯನ್ನೇ ಬೈಪಾಸ್ ಮಾಡಿಬಿಡುತ್ತಾರೆ. ಒಪ್ಪಲೇಬೇಡಿ, ಶಾಕ್ ಹೊಡೆದಾಗ ಕಾಯುವುದು ಅದೊಂದೇ, ಎಂಸಿಬಿ ಅಲ್ಲ.