ಸಾರಿಗೆಯಲ್ಲಿ ನವೀಕರಿಸಬಹುದಾದ ಇಂಧನದ ಬಳಕೆಯನ್ನು ಪ್ರೌಢಶಾಲಾ ಮಕ್ಕಳಿಗೆ ಹೇಗೆ ಕಲಿಸಬಹುದು?

ವ್ಯಾಖ್ಯೆಗಳಿಂದ ಆರಂಭಿಸದೆ, 2017ರ ಜನವರಿಯಲ್ಲಿ ಕೇರಳದ ವೈಕಂನ ಹಿನ್ನೀರಿನಲ್ಲಿ ಸಂಚಾರ ಆರಂಭಿಸಿದ ‘ಆದಿತ್ಯ’ ಎಂಬ 75 ಆಸನಗಳ ಸೌರ ದೋಣಿಯನ್ನು ಪರಿಚಯಿಸಿ, ಬಸ್ಸನ್ನೂ ಹೀಗೆಯೇ ಓಡಿಸಬಹುದೇ ಎಂದು ಮಕ್ಕಳನ್ನು ಕೇಳಿ. ದೋಣಿಯ ವೇಗ ಕಡಿಮೆ. ವಿಶಾಲವಾದ ಚಾವಣಿಯಲ್ಲಿ ಸುಮಾರು 20 ಕಿಲೋವ್ಯಾಟ್ ಸಾಮರ್ಥ್ಯದ ಫಲಕಗಳಿವೆ. ಬಸ್ಸಿನ ಚಾವಣಿಯಲ್ಲಿ 5 ಕಿಲೋವ್ಯಾಟ್ ಫಲಕಗಳನ್ನು ಹಾಕಿದರೆ ಒಳ್ಳೆಯ ಬಿಸಿಲಿನ ದಿನ 20ರಿಂದ 25 ಯೂನಿಟ್ ವಿದ್ಯುತ್ ಸಿಗಬಹುದು. ಆದರೆ ದೊಡ್ಡ ವಿದ್ಯುತ್ ಬಸ್ಸಿಗೆ ಕಿಲೋಮೀಟರಿಗೆ ಸುಮಾರು ಒಂದು ಯೂನಿಟ್, ಕೆಲವೊಮ್ಮೆ ಅದಕ್ಕಿಂತ ಹೆಚ್ಚು ಬೇಕಾಗುವುದರಿಂದ ಅಷ್ಟು ವಿದ್ಯುತ್ ಸುಮಾರು 20 ಕಿಲೋಮೀಟರಿಗೇ ಮುಗಿದುಹೋಗುತ್ತದೆ. ಈ ಲೆಕ್ಕವನ್ನು ಶಿಕ್ಷಕರು ಹೇಳಿಕೊಡದೆ ಮಕ್ಕಳಿಂದಲೇ ಮಾಡಿಸಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಅನಂತರ, ಬಸ್ಸು ಚಾರ್ಜ್ ಆಗುವ ವಿದ್ಯುತ್ ಜಾಲಕ್ಕೆ ಪಾವಗಡದ ಸೌರ ಪಾರ್ಕಿನಂತೆಯೇ ರಾಯಚೂರಿನ ಕಲ್ಲಿದ್ದಲು ಸ್ಥಾವರವೂ ವಿದ್ಯುತ್ ಒದಗಿಸುತ್ತದೆ ಎಂಬುದನ್ನು ವಿವರಿಸಿ.