ವಿಷಯ: ಬೀಡಿ ಕಾರ್ಮಿಕರ ಬೀದಿ ನಾಟಕ, ಅರ್ಧ ಸ್ಕ್ರಿಪ್ಟ್

ತುರ್ತು ಪರಿಸ್ಥಿತಿ ಮುಗಿದ ಹೊಸತರಲ್ಲಿ ಮಂಗಳೂರಲ್ಲಿ ಆಡಿದ ಬೀಡಿ ಕಾರ್ಮಿಕರ ನಾಟಕ, ಕೊನೆಯ ಪುಟಗಳು ಇಲ್ಲ, ನಾವೇ ಬರೆದು ಸೇರಿಸಬಹುದಾ ಅಂತ ಕೇಳಿದ್ದೀರಿ. ಖಂಡಿತ ಸೇರಿಸಿ. ಆದರೆ ಹಳೆಯದೇ ಅನ್ನುವ ಹಾಗೆ ಬರೆಯಬೇಡಿ, ಇಲ್ಲಿಂದ ಮುಂದೆ ನಮ್ಮದು ಅಂತ ನಟರೇ ಜನರಿಗೆ ಹೇಳಲಿ.

ಮೊದಲು ಒಂದು ಕೆಲಸ. ತುಕ್ಕು ಹಿಡಿದ ಪಿನ್ ತೆಗೆಯುವ ಮುಂಚೆ ಪ್ರತಿ ಪುಟದ ಎರಡೂ ಬದಿ ಫೋಟೋ ತೆಗೆದಿಡಿ. ಅಂಚಲ್ಲಿ ಪೆನ್ಸಿಲಿನ ಗುರುತು ಇದ್ದರೆ ಅದು ಮಾತಿಗಿಂತ ಜಾಸ್ತಿ ಬೆಲೆಯದ್ದು, ಎಲ್ಲಿ ಹಾಡು ಬಂತು, ಎಲ್ಲಿ ಮಾತು ಹೊಡೆದು ಹಾಕಿದರು ಅನ್ನುವುದು ಅದರಲ್ಲೇ ಸಿಗುವುದು. ಸ್ಕ್ರಿಪ್ಟ್ ಕನ್ನಡದಲ್ಲಿದ್ದರೂ ಬೀದಿಯಲ್ಲಿ ಎಷ್ಟೋ ಮಾತು ತುಳುವಿನಲ್ಲೇ ಬಂದಿರಬಹುದು, ಅಲ್ವಾ? ಅದನ್ನು ಹಳೆಯ ನಟರ ಹತ್ತಿರವೇ ಕೇಳಬೇಕು, ಆಡಿದವರೆಲ್ಲ ಈಗ ಎಪ್ಪತ್ತರ ಆಸುಪಾಸಿನವರು, ತಡ ಮಾಡಬೇಡಿ.

ಯೂನಿಯನ್ ಕಚೇರಿಯ ಕರಪತ್ರ, ಫೋಟೋ ನೋಡಿ. ಉದಯವಾಣಿ 1970ರಿಂದ ಇದೆ, ಹಳೆಯ ಸಂಚಿಕೆಗಳಲ್ಲಿ ಆ ವರ್ಷಗಳ ಮುಷ್ಕರದ, ಮಜೂರಿಯ ಸುದ್ದಿ ಹುಡುಕಿ. 1975ರಲ್ಲಿ ಶುರುವಾದ 'ಸಮುದಾಯ' ನಾಟಕ ತಂಡದವರು 1977ರಲ್ಲಿ ಬಿಹಾರದ ಬೆಲ್ಚಿ ಊರಲ್ಲಿ ನಡೆದ ಹತ್ಯಾಕಾಂಡವನ್ನೇ 'ಬೆಲ್ಚಿ' ಅಂತ ಬೀದಿಗೆ ತಂದಿದ್ದರು. ಆಗಿನ ನಾಟಕಗಳಿಗೆ ಪತ್ರಿಕೆಯ ಸುದ್ದಿ ಅಷ್ಟು ಹತ್ತಿರ ಇತ್ತು, ನಿಮ್ಮ ಕೊನೆಯ ದೃಶ್ಯದ ಸುಳಿವೂ ಅಲ್ಲೇ ಇರಬಹುದು.

ಬರೆದದ್ದನ್ನು ಬೀಡಿ ಕಟ್ಟಿದ ಅಮ್ಮಂದಿರ ಮುಂದೆ ಓದಿ. ಕಟ್ಟಿದ ಬೀಡಿ ಒಪ್ಪಿಸುವ ಬ್ರಾಂಚಿನಲ್ಲಿ ಕಟ್ಟು ಬಿಚ್ಚಿ, ಸರಿ ಇಲ್ಲ ಅಂತ ಬೀಡಿ ಪಕ್ಕಕ್ಕೆ ಹಾಕುವಾಗ ಅಲ್ಲಿ ನೋಡುವವರ ಕೈ ಹೇಗೆ ಓಡುತ್ತದೆ ಅಂತ ಅವರು ನಿಮ್ಮ ನಟರಿಗೆ ಮಾಡಿಯೇ ತೋರಿಸುತ್ತಾರೆ.