ಪಠ್ಯವಾಗಿ ಓದಿದ ಕಾದಂಬರಿಯನ್ನು ಸಿನಿಮಾ ಆಗಿ ನೋಡಿದರೆ ಮನಸ್ಸಿನಲ್ಲಿದ್ದ ಚಿತ್ರ ಕೆಡುತ್ತದೆಯೇ?

ಓದುವಾಗ ಕಲ್ಪಿಸಿಕೊಂಡ ಊರು, ಮನೆ, ಮುಖಗಳು ಸಿನಿಮಾ ನೋಡಿದ ಮೇಲೆ ಅಳಿಸಿಹೋಗುತ್ತವೆಯೇ ಎಂದು ಕೇಳಿದ್ದೀರಿ. ನನ್ನ ಮಟ್ಟಿಗೆ ಕೆಲವು ಅಳಿಸಿಹೋದವು, ಮತ್ತು ಅವುಗಳಲ್ಲಿ ಹೆಚ್ಚಿನವು ಅಳಿಸಿಹೋಗಬೇಕಾದವೇ ಆಗಿದ್ದವು.

ಶಿವರಾಮ ಕಾರಂತರು 1933ರಲ್ಲಿ ಪ್ರಕಟಿಸಿದ ‘ಚೋಮನ ದುಡಿ’ ಕಾದಂಬರಿ ನಮಗೆ ಪಿಯುಸಿಯಲ್ಲಿ ನಾನ್-ಡಿಟೇಲ್ (ಪೂರಕ ಪಠ್ಯ) ಆಗಿತ್ತು. ಜೋಡಿ ಎತ್ತು ಸಾಕಿಕೊಂಡಿದ್ದರೂ ಅಸ್ಪೃಶ್ಯನೆಂಬ ಕಾರಣಕ್ಕೆ ಉಳಲು ತುಂಡು ಗದ್ದೆ ಸಿಗದ ಚೋಮ, ಸಿಟ್ಟು ಬಂದರೂ ದುಃಖವಾದರೂ ಗುಡಿಸಲಿನಲ್ಲಿ ಕುಳಿತು ದುಡಿ ಎಂಬ ಚರ್ಮವಾದ್ಯವನ್ನು ಬಾರಿಸುತ್ತಾನೆ. ‘ದುಡಿಯ ಸಾಂಕೇತಿಕತೆಯನ್ನು ವಿವರಿಸಿ’ ಎಂಬ ಪ್ರಶ್ನೆ ಬಂದೇ ಬರುತ್ತದೆಂದು ಕನ್ನಡದ ಸರ್ ಬರೆಸಿದ ಉತ್ತರವನ್ನು ನಾನು ಬಾಯಿಪಾಠ ಮಾಡಿದ್ದೆ. ಆದರೆ ವಿಜಯಪುರ ಜಿಲ್ಲೆಯ ಎರೆಭೂಮಿಯಲ್ಲಿ ಬೆಳೆದ ನನಗೆ ದುಡಿಯೂ ಗೊತ್ತಿರಲಿಲ್ಲ, ತುಳುನಾಡಿನ ಮಳೆಯೂ ಗೊತ್ತಿರಲಿಲ್ಲ. ಹೀಗಾಗಿ ನಮ್ಮೂರ ಹಲಗೆಯ ಸದ್ದನ್ನೇ ದುಡಿಗೆ ಕೊಟ್ಟು, ಜೋಳದ ಹೊಲದ ಬದಿಯಲ್ಲೇ ಚೋಮನ ಗುಡಿಸಲನ್ನು ಕಟ್ಟಿಕೊಂಡಿದ್ದೆ.

ಈ ಕಾದಂಬರಿಯನ್ನು ಆಧರಿಸಿ ಬಿ. ವಿ. ಕಾರಂತರು ನಿರ್ದೇಶಿಸಿದ 1975ರ ಕಪ್ಪು ಬಿಳುಪಿನ ಚಿತ್ರವನ್ನು ನಾನು ನೋಡಿದ್ದು ಕೆಲಸಕ್ಕೆ ಸೇರಿದ ಎಷ್ಟೋ ವರ್ಷಗಳ ನಂತರ. ಅದರ ಸಂಗೀತವೂ ಅವರದೇ, ಮತ್ತು ಚಿತ್ರದ ಜೀವ ಇರುವುದು ಅಲ್ಲಿಯೇ ಎಂಬುದು ನನ್ನ ಅಭಿಪ್ರಾಯ. ಪುಸ್ತಕದಲ್ಲಿ ‘ಚೋಮ ದುಡಿ ಬಾರಿಸಿದ’ ಎಂಬರ್ಥದ ಸಾಲು ಬಂದಾಗ ಕಣ್ಣು ಅರೆಕ್ಷಣದಲ್ಲಿ ಅದನ್ನು ದಾಟಿ, ಮುಂದೇನಾಯಿತೆಂದು ಹುಡುಕುತ್ತದೆ. ಚಿತ್ರದಲ್ಲಿ ಹಾಗೆ ದಾಟುವಂತಿಲ್ಲ, ಅವನು ಬಾರಿಸಿ ಮುಗಿಸುವವರೆಗೂ ನಾವು ಕೂತು ಕೇಳಲೇಬೇಕು. ಕಾಫಿ ತೋಟದ ಸಾಲ ತೀರಿಸಲು ಅಲ್ಲಿಗೆ ದುಡಿಯಲು ಹೋದ ಮಗ ಚನಿಯ ಕಾಯಿಲೆಯಿಂದ ಸಾಯುತ್ತಾನೆ. ಕಿರಿಯವನಾದ ನೀಲ ನೀರಿನಲ್ಲಿ ಮುಳುಗುವಾಗ, ಮುಟ್ಟಿದರೆ ಮೈಲಿಗೆಯೆಂದು ಯಾರೂ ಕೈ ಚಾಚುವುದಿಲ್ಲ. ಇವೆಲ್ಲವನ್ನೂ ಕಂಡ ಮೇಲೆ ಮತ್ತೆ ಕೇಳಿಬರುವ ಆ ಸದ್ದು, ನಾನು ಐದು ಅಂಕಕ್ಕೆ ಬರೆದಿದ್ದ ‘ಪ್ರತಿಭಟನೆಯ ಸಂಕೇತ’ ಎಂಬ ಮಾತಿಗೆ ಎಟುಕುವಂಥದ್ದಾಗಿರಲಿಲ್ಲ.

ಕಾದಂಬರಿಯೇ ಮೇಲು ಎನ್ನಿಸಿದ ಕಡೆಯೂ ಒಂದಿದೆ. ಬೇಸಾಯಕ್ಕೆ ನೆಲ ಸಿಕ್ಕೀತೆಂಬ ಆಸೆಯಿಂದ ಕ್ರೈಸ್ತನಾಗಲು ಮನಸ್ಸು ಮಾಡಿದ ಚೋಮ, ತಾನು ನಂಬಿದ ದೈವ ಪಂಜುರ್ಲಿಯನ್ನು ಬಿಡಲಾರದೆ ಹಿಂದಿರುಗುತ್ತಾನೆ. ಆ ಹೊಯ್ದಾಟ ಪೂರ್ತಿ ಅವನ ಮನಸ್ಸಿನೊಳಗಿನದು. ಪುಸ್ತಕ ಓದದವರಿಗೆ ಅದರ ಭಾರ ತೆರೆಯಿಂದ ಅಷ್ಟಾಗಿ ತಿಳಿಯಲಾರದು ಎಂದು ನನಗೆ ತೋರುತ್ತದೆ. ಇದು ನಟನ ಕೊರತೆಯಂತೂ ಅಲ್ಲ. ಚೋಮನಾದ ಎಂ. ವಿ. ವಾಸುದೇವರಾವ್ ಅವರಿಗೆ ಶ್ರೇಷ್ಠ ನಟನೆಂಬ ರಾಷ್ಟ್ರಪ್ರಶಸ್ತಿ ಬಂತು, ಚಿತ್ರಕ್ಕೆ ವರ್ಷದ ಅತ್ಯುತ್ತಮ ಚಿತ್ರವೆಂದು ಸ್ವರ್ಣಕಮಲ. (ನಿರ್ದೇಶಕರು, ನಟರು ಇಬ್ಬರೂ ಗುಬ್ಬಿ ಕಂಪನಿಯಲ್ಲಿ ಪಳಗಿದವರು, ನಾಟಕ ಕಂಪನಿಯ ಅಬ್ಬರ ಮಾತ್ರ ಈ ಚಿತ್ರದಲ್ಲಿ ಎಲ್ಲಿಯೂ ಇಲ್ಲ.)

ಆದ್ದರಿಂದ ನೋಡಿ. ಸಾಧ್ಯವಾದರೆ ಪುಸ್ತಕವನ್ನು ಮೊದಲು ಇನ್ನೊಮ್ಮೆ ಓದಿಕೊಳ್ಳಿ; ಪರೀಕ್ಷೆಯ ಭಯವಿಲ್ಲದ ಓದು ಬೇರೆಯೇ ಇರುತ್ತದೆ. ಕಳೆದ ವರ್ಷ ನಾನು ಕಾದಂಬರಿಯನ್ನು ಮತ್ತೆ ಕೈಗೆತ್ತಿಕೊಂಡಾಗ ಜೋಳದ ಹೊಲ ಮಾಯವಾಗಿತ್ತು, ಚೋಮನಿಗೆ ವಾಸುದೇವರಾಯರ ಮುಖವೇ ಬಂದಿತ್ತು. ಮಗಳು ಬೆಳ್ಳಿ ಮಾತ್ರ, ಯಾಕೋ ತಿಳಿಯದು, ಹದಿನೇಳನೆಯ ವಯಸ್ಸಿನಲ್ಲಿ ನಾನು ಕಲ್ಪಿಸಿಕೊಂಡಂತೆಯೇ ಉಳಿದಿದ್ದಾಳೆ.